ಬೆಟ್ಟದೊಳಗೆ ಎರಡು ದಾರಿ

ಯುರೋಪಿನ ರೈಲು ಹಳಿ ನಮ್ಮದಕ್ಕಿಂತ ಕಿರಿದು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ. ಅಲ್ಲಿ ಹೆಚ್ಚಿನ ದೇಶಗಳಲ್ಲಿ 1435. ಅಂದರೆ ನಮ್ಮದು ಹೆಚ್ಚು ಕಡಿಮೆ ಒಂದು ಗೇಣು ಅಗಲ. ಇದನ್ನು ಕೇಳಿದ ನನ್ನ ಮೊಮ್ಮಗಳು ಹೆಬ್ಬೆರಳು ಕಿರುಬೆರಳು ಚಾಚಿ, "ಇಷ್ಟಾ ಅಜ್ಜ? ಹಾಗಾದ್ರೆ ನಮ್ಮ ರೈಲೇ ದೊಡ್ಡದು" ಎಂದು ಅಲ್ಲೇ ತೀರ್ಪು ಕೊಟ್ಟಳು. ಐದನೇ ಕ್ಲಾಸಿನವರ ತೀರ್ಪಿಗೆ ಅಪೀಲು ಇಲ್ಲ.

ಮಗಳು ಅಳಿಯ ಇರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಮೇ ತಿಂಗಳ ರಜೆಗೆ ನಾನು, ನನ್ನ ಹೆಂಡತಿ, ಮಗನ ಮಗಳು ಮೂವರೂ ಅಲ್ಲಿಗೆ ಹೋಗಿದ್ದೆವು. ಒಂದು ವಾರ ಕಳೆಯುವಷ್ಟರಲ್ಲಿ ಮಗಳು, "ಮನೆಯಲ್ಲೇ ಕೂತ್ಕೊಳ್ಳೋಕೆ ಅಷ್ಟು ದೂರದಿಂದ ಬಂದ್ರಾ? ರೈಲಿನಲ್ಲಿ ಸುತ್ತಾಡಿ ಬನ್ನಿ" ಎಂದಳು. ಯುರೋಪಿನ ಹೊರಗಿನವರಿಗೆಂದೇ ಯುರೇಲ್ ಪಾಸ್ ಎಂಬುದೊಂದಿದೆ. ಒಂದು ತಿಂಗಳೊಳಗೆ ನಮಗೆ ಬೇಕಾದ ಯಾವುದೇ 7 ದಿನ ರೈಲು ಹತ್ತಬಹುದು, ಇಳಿಯಬಹುದು, ಒಂದೇ ಪಾಸಿನಲ್ಲಿ ಹಲವು ದೇಶ. 60 ದಾಟಿದವರಿಗೆ ಸ್ವಲ್ಪ ರಿಯಾಯಿತಿ ಉಂಟು. ದೊಡ್ಡವರ ಜೊತೆ ಹೋಗುವ 12 ವರ್ಷದೊಳಗಿನ ಮಕ್ಕಳಿಗೆ ಪಾಸು ಪುಕ್ಕಟೆ. ಕೆಲವು ವೇಗದ ರೈಲುಗಳಿಗೆ, ರಾತ್ರಿ ರೈಲುಗಳಿಗೆ ಮಾತ್ರ ಸೀಟು ಕಾಯ್ದಿರಿಸಲು ಬೇರೆ ಹಣ ಕೊಡಬೇಕು. ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಎಲ್ಲಿಗೆ ಹೋಗುವುದೆಂದು ಎಲ್ಲರೂ ಪ್ಯಾರಿಸ್, ರೋಮ್ ಎನ್ನುತ್ತಿದ್ದಾಗ ನಾನು ಒಂದೇ ಊರಿನ ಹೆಸರು ಹೇಳಿದೆ: ಐರೋಲೊ. ಅಳಿಯ ಫೋನಿನಲ್ಲಿ ಹುಡುಕಿ ನೋಡಿ, "ಮಾವ, ಇದು ಬೆಟ್ಟದ ಬುಡದ ಹಳ್ಳಿ. ಅಲ್ಲೇನಿದೆ?" ಎಂದು ಕೇಳಿದರು. ಸುರಂಗ ಇದೆ ಎಂದೆ.

ಐಂಡ್‌ಹೋವನ್‌ನಿಂದ ಹೊರಟರೆ ವೆನ್ಲೊ ಎಂಬ ಗಡಿಯ ಊರಿನಲ್ಲಿ ರೈಲು ಬದಲಿಸಬೇಕು. ಗಡಿ ಎಂದರೆ ಮುಳ್ಳುತಂತಿ, ಬಂದೂಕು ಎಂದುಕೊಂಡಿದ್ದ ಮೊಮ್ಮಗಳು ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಒಂದು ಹೊಲ ಹೋಯಿತು, ಇನ್ನೊಂದು ಹೊಲ ಬಂತು, ನನ್ನ ಫೋನು ಟಿಂಗ್ ಎಂದಿತು. ಅಷ್ಟೇ, ಜರ್ಮನಿ ಬಂದಿತ್ತು! ಮನುಷ್ಯರಿಗೆ ಗಡಿ ಅಳಿಸಿಹೋಗಿದೆ, ಆದರೆ ತಂತಿಗಳಿಗೆ ಇನ್ನೂ ಅಳಿಸಿಲ್ಲ. ನೆದರ್ಲೆಂಡ್ಸಿನ ಬಹುಪಾಲು ಹಳಿಗಳ ಮೇಲಿನ ತಂತಿಯಲ್ಲಿ 1500 ವೋಲ್ಟ್, ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ 15,000, ಇಟಲಿಯ ಹಳೆಯ ಮಾರ್ಗಗಳಲ್ಲಿ 3000. ಒಂದೊಂದು ದೇಶ ಒಂದೊಂದು ಕಾಲದಲ್ಲಿ ತನ್ನ ಪಾಡಿಗೆ ತಾನು ವಿದ್ಯುತ್ ಹಾಕಿಕೊಂಡದ್ದರ ಫಲ ಇದು. ಹಾಗಾಗಿ ಗಡಿ ದಾಟುವ ಎಂಜಿನ್ನುಗಳು ಎರಡು ಮೂರು ಬಗೆಯ ವಿದ್ಯುತ್ತನ್ನು ಅರಗಿಸಿಕೊಳ್ಳುವಂತೆ ಇರಬೇಕು. ನಮ್ಮಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ 25,000 ವೋಲ್ಟ್ ಒಂದೇ.

ಕೊಲೋನ್‌ನಲ್ಲಿ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಎದುರಿಗೆ 157 ಮೀಟರ್ ಎತ್ತರದ ಕಪ್ಪು ಚರ್ಚು ನಿಂತಿರುತ್ತದೆ. ಕತ್ತು ನೋಯುವವರೆಗೆ ನೋಡಿದೆವು. 1248ರಲ್ಲಿ ಅಡಿಪಾಯ ಹಾಕಿ 1880ರಲ್ಲಿ ಮುಗಿಸಿದರಂತೆ. "ಮನೆ ಕಟ್ಟಿಸೋರು ಮೇಸ್ತ್ರಿಗೆ ಬೈಯೋದನ್ನ ನಿಲ್ಲಿಸ್ಬೇಕು" ಎಂದಳು ನಮ್ಮವಳು.

ಅಲ್ಲಿಂದ ದಕ್ಷಿಣಕ್ಕೆ ಎರಡು ದಾರಿ. ಗುಡ್ಡಗಳನ್ನು ಕೊರೆದುಕೊಂಡು ನೇರ ಹೋಗುವ ವೇಗದ ಮಾರ್ಗ ಒಂದು. ರೈನ್ ನದಿಯ ದಂಡೆಯಲ್ಲಿ ಬಳುಕುತ್ತಾ ಹೋಗುವ ಹಳೆಯ ಮಾರ್ಗ ಇನ್ನೊಂದು. ನಾವು ನದಿಯ ಜೊತೆಗೇ ಹೋದೆವು. ಕೋಬ್ಲೆನ್ಸ್ ದಾಟಿದ ಮೇಲೆ ಎರಡೂ ಬದಿಯ ಗುಡ್ಡಗಳು ಹತ್ತಿರ ಬರುತ್ತವೆ, ತಲೆಯ ಮೇಲೆಲ್ಲ ಹಳೆಯ ಕೋಟೆಗಳು, ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಮೊಮ್ಮಗಳು ಕೋಟೆ ಎಣಿಸತೊಡಗಿ, ಚಪಾತಿ ಚಟ್ನಿಪುಡಿ ಡಬ್ಬಿ ತೆರೆದಾಗ ಲೆಕ್ಕ ತಪ್ಪಿಸಿಕೊಂಡಳು. ಈ ರೈನ್ ನದಿ ಹುಟ್ಟುವುದು ನಾವು ಹೋಗಬೇಕಿದ್ದ ಗೊಟ್‌ಹಾರ್ಡ್ ಪರ್ವತಗಳ ಮಡಿಲಲ್ಲೇ. ಶ್ರೀರಂಗಪಟ್ಟಣದಿಂದ ಕಾವೇರಿಯ ಗುಂಟ ತಲಕಾವೇರಿಗೆ ಹೊರಟ ಹಾಗಿತ್ತು ನಮ್ಮ ಪ್ರಯಾಣ.

ಜ್ಯೂರಿಕ್ ನಿಲ್ದಾಣದಲ್ಲಿ ಮಕ್ಕಳು ನೋಡಲೇಬೇಕಾದದ್ದು ಗಡಿಯಾರ. ಬಿಳಿ ಮುಖ, ಕಪ್ಪು ಮುಳ್ಳು, ಕೆಂಪು ಸೆಕೆಂಡಿನ ಮುಳ್ಳು. ಆ ಕೆಂಪು ಮುಳ್ಳಿನ ತುದಿಯಲ್ಲೊಂದು ಬಿಲ್ಲೆ. ರೈಲಿಗೆ ಹಸಿರು ನಿಶಾನೆ ತೋರಿಸುವವರು ಕೈಯಲ್ಲಿ ಹಿಡಿಯುತ್ತಿದ್ದ ಫಲಕದ ಆಕಾರವಂತೆ ಅದು. ಹಾನ್ಸ್ ಹಿಲ್‌ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ಈ ಗಡಿಯಾರ ರೂಪಿಸಿದರು. ಕೆಂಪು ಮುಳ್ಳು ಸೇರಿದ್ದು ಕೆಲವು ವರ್ಷಗಳ ನಂತರ. ಅದರ ತಮಾಷೆ ಏನೆಂದರೆ, ಕೆಂಪು ಮುಳ್ಳು 60 ಸೆಕೆಂಡು ತೆಗೆದುಕೊಳ್ಳದೆ ಸುಮಾರು ಐವತ್ತೆಂಟೂವರೆ ಸೆಕೆಂಡಿನಲ್ಲೇ ಸುತ್ತು ಮುಗಿಸಿ, 12ರ ಬಳಿ ಬಂದು ಸುಮ್ಮನೆ ನಿಂತುಬಿಡುತ್ತದೆ. ಮುಖ್ಯ ಗಡಿಯಾರದಿಂದ ಸಂಕೇತ ಬಂದಾಗ ನಿಮಿಷದ ಮುಳ್ಳು ಟಕ್ ಎಂದು ಹಾರುತ್ತದೆ, ಆಮೇಲೆ ಕೆಂಪು ಮುಳ್ಳು ಮತ್ತೆ ಹೊರಡುತ್ತದೆ. ಹೀಗೆ ಎಲ್ಲ ನಿಲ್ದಾಣಗಳ ಗಡಿಯಾರಗಳೂ ನಿಮಿಷಕ್ಕೊಮ್ಮೆ ಒಂದಕ್ಕೊಂದು ಸರಿಹೊಂದುತ್ತವೆ. ಮೊಮ್ಮಗಳು ಆ ಒಂದೂವರೆ ಸೆಕೆಂಡು ಉಸಿರು ಬಿಗಿಹಿಡಿಯುವ ಆಟ ಕಂಡುಹಿಡಿದಳು.

ಜ್ಯೂರಿಕ್‌ನಿಂದ ಆಲ್ಪ್ಸ್ ದಾಟಿ ಇಟಲಿಯ ಕಡೆ ಹೋಗಲು ಮತ್ತೆ ಎರಡು ದಾರಿ. 2016ರ ಜೂನ್ 1ರಂದು ಉದ್ಘಾಟನೆಯಾದ ಹೊಸ ಗೊಟ್‌ಹಾರ್ಡ್ ಸುರಂಗ 57 ಕಿಲೋಮೀಟರ್ ಉದ್ದ, ಪ್ರಪಂಚದಲ್ಲೇ ಅತಿ ಉದ್ದದ ರೈಲು ಸುರಂಗ. ಬೆಟ್ಟದ ಪಾದದಲ್ಲೇ ಒಳಹೊಕ್ಕು ಇಪ್ಪತ್ತು ನಿಮಿಷದಲ್ಲಿ ಆಚೆ ಬರುತ್ತದೆ. ಇನ್ನೊಂದು 1882ರ ಹಳೆಯ ಮಾರ್ಗ. ಬೆಟ್ಟವನ್ನು ಸುತ್ತಿ ಸುತ್ತಿ 1,151 ಮೀಟರ್ ಎತ್ತರಕ್ಕೆ ಏರಿ, ಅಲ್ಲಿ 15 ಕಿಲೋಮೀಟರ್ ಉದ್ದದ ಸುರಂಗದಲ್ಲಿ ದಾಟಿ, ಮತ್ತೆ ಸುತ್ತಿ ಇಳಿಯುತ್ತದೆ. ಸುಮಾರು ಒಂದು ಗಂಟೆ ಹೆಚ್ಚು ಬೇಕು. ಮೊಮ್ಮಗಳ ಮತ ಪ್ರಪಂಚದ ದಾಖಲೆಗೆ. ನಮ್ಮವಳು ಮಾತ್ರ, "ಬೆಟ್ಟ ನೋಡೋಕೆ ಬಂದು ಬೆಟ್ಟದ ಕೆಳಗೆ ತೂರ್ಕೊಂಡು ಹೋಗೋದಾ?" ಎಂದಳು. ಹೋಗುವಾಗ ಹಳೆಯದು, ಬರುವಾಗ ಹೊಸದು ಎಂದು ರಾಜಿಯಾಯಿತು.

ಹಳೆಯ ಮಾರ್ಗದಲ್ಲಿ ಈಗ ತಾಮ್ರದ ಬಣ್ಣದ ರೈಲು ಗಂಟೆಗೊಂದರಂತೆ ಓಡುತ್ತದೆ. ಅದು ಮೊದಲು ನೀಲಿ ಸರೋವರದ ದಂಡೆ ಹಿಡಿಯುತ್ತದೆ. ರೋಯ್ಸ್ ನದಿ ಆ ಸರೋವರ ಸೇರುವಲ್ಲಿ ಕೆಲವು ಪುಟ್ಟ ದ್ವೀಪಗಳಿವೆ. ಅವು ದೇವರು ಮಾಡಿದ ದ್ವೀಪಗಳಲ್ಲ. ಹೊಸ ಸುರಂಗದಿಂದ ಹೊರಬಂದ ಕಲ್ಲಿನಲ್ಲಿ ಒಂದು ಪಾಲನ್ನು ಅಲ್ಲಿ ಸುರಿದು, ಹಕ್ಕಿಗಳು ಗೂಡು ಕಟ್ಟಲೆಂದು, ಜನ ಈಜಲೆಂದು ಮಾಡಿಟ್ಟದ್ದು. ಆ ಸುರಂಗದಿಂದ ತೆಗೆದ ಕಲ್ಲು ಒಟ್ಟು 2 ಕೋಟಿ 80 ಲಕ್ಷ ಟನ್. ಅದನ್ನೆಲ್ಲ ಎಲ್ಲಿ ಹಾಕುವುದೆಂದು ಅವರು ಮೊದಲೇ ಯೋಚಿಸಿದ್ದರು ಎಂಬುದೇ ನನಗೆ ಸುರಂಗದಷ್ಟೇ ದೊಡ್ಡದಾಗಿ ಕಂಡಿತು.

ಎರ್ಸ್ಟ್‌ಫೆಲ್ಡ್ ದಾಟಿದ ಮೇಲೆ ಏರು ಶುರು. ಇಲ್ಲಿ ವಾಸೆನ್ ಎಂಬ ಹಳ್ಳಿ, ಅದರ ಗುಡ್ಡದ ಮೇಲೆ ಬಿಳಿ ಗೋಡೆಯ ಪುಟ್ಟ ಚರ್ಚು. ಮೊದಲು ಅದು ನಮ್ಮ ತಲೆಯ ಮೇಲೆ ಎಲ್ಲೋ ಕಂಡಿತು. ರೈಲು ಬೆಟ್ಟದೊಳಗೆ ನುಗ್ಗಿ, ಕತ್ತಲಲ್ಲೇ ತಿರುಗಿ ಹೊರಬಂತು. ನೋಡಿದರೆ ಅದೇ ಚರ್ಚು, ಈಗ ನಮ್ಮ ಸಮಕ್ಕೆ! ಮತ್ತೆ ಕತ್ತಲು, ಮತ್ತೆ ತಿರುವು. ಮೂರನೇ ಸಲ ಅದೇ ಚರ್ಚು ಕೆಳಗೆ, ಆಟಿಕೆಯಂತೆ. ಕಡಿದಾದ ಬೆಟ್ಟವನ್ನು ರೈಲು ನೇರ ಹತ್ತಲಾರದು, ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಜಾರುತ್ತದೆ. ಅದಕ್ಕೇ ದಾರಿಯನ್ನು ಉದ್ದ ಮಾಡಿ ಏರನ್ನು ಸಣ್ಣದು ಮಾಡುತ್ತಾರೆ. ಘಾಟಿಯಲ್ಲಿ ಬಸ್ಸಿನ ರಸ್ತೆ ತಿರುವು ಹಾಕುವುದೂ ಇದೇ ಲೆಕ್ಕ. ಇಲ್ಲಿ ತಿರುವು ಹಾಕಲು ಹೊರಗೆ ಜಾಗವಿಲ್ಲದ್ದಕ್ಕೆ ಬೆಟ್ಟದೊಳಗೇ ತಿರುವು ಹಾಕಿದ್ದಾರೆ. "ಚರ್ಚು ಓಡ್ತಾ ಇದೆ ಅಜ್ಜಿ, ನಾವಲ್ಲ" ಎಂದಳು ಮೊಮ್ಮಗಳು.

ಗೋಶೆನೆನ್‌ನಲ್ಲಿ ಇಳಿದು ಮುಂದಿನ ರೈಲಿಗೆ ಕಾದೆವು. ಇಲ್ಲಿ ಹೆದ್ದಾರಿಯ ಬಳಿ ದೊಡ್ಡ ಬಂಡೆಯೊಂದಿದೆ, ಹೆಸರು ದೆವ್ವದ ಕಲ್ಲು. ಮೇಲಿನ ಕಮರಿಗೆ ಸೇತುವೆ ಕಟ್ಟಲಾಗದೆ ಜನ ಸೋತು, "ದೆವ್ವವೇ ಬಂದು ಕಟ್ಟಲಿ" ಎಂದರಂತೆ. ದೆವ್ವ ಬಂದು, "ಕಟ್ಟುತ್ತೇನೆ, ಮೊದಲು ದಾಟಿದವರ ಜೀವ ನನಗೆ" ಎಂದಿತು. ಸೇತುವೆ ಮುಗಿದಾಗ ಊರವರು ಒಂದು ಹೋತವನ್ನು ದಾಟಿಸಿಬಿಟ್ಟರು! ಸಿಟ್ಟಾದ ದೆವ್ವ ಸೇತುವೆ ಒಡೆಯಲು ಬಂಡೆ ಹೊತ್ತು ತಂದಿತು. ದಾರಿಯಲ್ಲೊಬ್ಬ ಮುದುಕಿ ಆ ಬಂಡೆಯ ಮೇಲೆ ಶಿಲುಬೆಯ ಗುರುತು ಬರೆದಳು. ಆಮೇಲೆ ದೆವ್ವಕ್ಕೆ ಅದನ್ನು ಎತ್ತಲಾಗಲಿಲ್ಲ. ಕಥೆ ಅಲ್ಲಿಗೆ ಮುಗಿಯಿತೆ? ಇಲ್ಲ. 1970ರ ದಶಕದಲ್ಲಿ ಹೆದ್ದಾರಿ ಬಂದಾಗ ಈ 220 ಟನ್ನಿನ ಬಂಡೆ ಅಡ್ಡವಾಯಿತು. ಒಡೆಯಲು ಜನ ಬಿಡಲಿಲ್ಲ. ಕೊನೆಗೆ ಅದನ್ನು ಇಡಿಯಾಗಿ 127 ಮೀಟರ್ ಸರಿಸಿದರು. ದೆವ್ವದ ಕೈಲಾಗದ್ದನ್ನು ಎಂಜಿನಿಯರುಗಳು ಮಾಡಿದರು ಎಂದು ನಮ್ಮವಳು ಕಥೆಗೆ ಬಾಲ ಸೇರಿಸಿದಳು. ಮುದುಕಿಯೇ ಗೆದ್ದಳೆಂಬುದರಲ್ಲಿ ಅವಳಿಗೆ ವಿಶೇಷ ಸಂತೋಷ.

ಆದರೆ ಇಲ್ಲಿಂದ ಮುಂದಿನ 15 ಕಿಲೋಮೀಟರಿಗೆ ದೆವ್ವವೂ ಇರಲಿಲ್ಲ, ಹೋತವೂ ಇರಲಿಲ್ಲ. ಮನುಷ್ಯರೇ ಹೋದರು.

1872ರಲ್ಲಿ ಕೆಲಸ ಹಿಡಿದವರು ಜಿನೀವಾ ಕಡೆಯ ಲೂಯಿ ಫಾವ್ರ. ಎಂಟು ವರ್ಷದಲ್ಲಿ ಮುಗಿಸಿಕೊಡುತ್ತೇನೆಂದು ಬರೆದುಕೊಟ್ಟಿದ್ದರು, ತಡವಾದರೆ ದಂಡ. ಉತ್ತರದಲ್ಲಿ ಗೋಶೆನೆನ್, ದಕ್ಷಿಣದಲ್ಲಿ ಐರೋಲೊ, ಎರಡೂ ಕಡೆಯಿಂದ ಕೊರೆಯಲು ಶುರು. ಕೆಲಸದವರಲ್ಲಿ ಬಹುಪಾಲು ಇಟಲಿಯ ಬಡ ಹಳ್ಳಿಗಳವರು. ಒತ್ತಿದ ಗಾಳಿಯಿಂದ ಓಡುವ ಬೈರಿಗೆಯಲ್ಲಿ ಬಂಡೆಗೆ ತೂತು, ಅದರಲ್ಲಿ ಡೈನಮೈಟು, ಸಿಡಿದ ಮೇಲೆ ಹೊಗೆ, ಧೂಳು, 30 ಡಿಗ್ರಿಗೂ ಮೀರಿದ ಸೆಕೆ, ಮೇಲಿನಿಂದ ಸುರಿಯುವ ನೀರು. 1875ರಲ್ಲಿ ಗೋಶೆನೆನ್‌ನ ಕಾರ್ಮಿಕರು ಇನ್ನಾಗದೆಂದು ಕೆಲಸ ನಿಲ್ಲಿಸಿದರು. ಅವರ ಮೇಲೆ ಗುಂಡು ಹಾರಿತು, ನಾಲ್ವರು ಸತ್ತರು.

ಮಕ್ಕಳೇ, ನಿಮಗೆ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರಲ್ಲ, ಚಪ್ಪರಿಸಿ ನುಂಗಿ ಎಂದು ಟೀಚರ್ ಎದುರಿಗೇ ನಿಂತಿರುತ್ತಾರಲ್ಲ? ಅದಕ್ಕೂ ಈ ಸುರಂಗಕ್ಕೂ ನಂಟಿದೆ. ಸುರಂಗದೊಳಗೆ ಶೌಚಾಲಯ ಇರಲಿಲ್ಲ, ನೆಲವೆಲ್ಲ ಒದ್ದೆ, ಬಿಸಿ. ಕೊಕ್ಕೆಹುಳಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಮರಿಹುಳುಗಳು ಕಾಲಿನ ಚರ್ಮದ ಮೂಲಕ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರಿದವು. ಗಟ್ಟಿಮುಟ್ಟಾದ ಆಳುಗಳು ಬಿಳಿಚಿಕೊಂಡು, ನಾಲ್ಕು ಹೆಜ್ಜೆ ಇಡಲಾರದೆ ಕುಸಿದರು. ಏನು ರೋಗವೆಂದು ತಿಳಿಯದೆ ಎಲ್ಲರೂ ಒದ್ದಾಡಿದರು. ಇಟಲಿಯ ಟುರಿನ್‌ನಲ್ಲಿ ಪೆರೊನ್‌ಚಿತೊ ಎಂಬ ವಿಜ್ಞಾನಿ 1880ರ ಸುಮಾರಿಗೆ ಆ ಕಾರ್ಮಿಕರನ್ನು ಪರೀಕ್ಷಿಸಿ ಹುಳವನ್ನು ಪತ್ತೆಮಾಡಿದರು. ಕೊಕ್ಕೆಹುಳದ ಬಗ್ಗೆ ಯುರೋಪು ಕಣ್ಣು ತೆರೆದದ್ದು ಈ ಸುರಂಗದಿಂದ.

ಫಾವ್ರ ಕೂಡ ಉಳಿಯಲಿಲ್ಲ. 1879ರ ಜುಲೈನಲ್ಲಿ ಸುರಂಗದೊಳಗೆ ತನಿಖೆಗೆ ಹೋದಾಗ ಅಲ್ಲೇ ಕುಸಿದು ತೀರಿಕೊಂಡರು. ವಯಸ್ಸು 53. ಮುಂದಿನ ಫೆಬ್ರವರಿಯ ಕೊನೆಗೆ ಎರಡೂ ಕಡೆಯವರ ನಡುವಿನ ಬಂಡೆಯಲ್ಲಿ ತೂತು ಬಿದ್ದಾಗ, ಅದರ ಮೂಲಕ ಮೊದಲು ದಾಟಿಸಿದ್ದು ಒಂದು ತಗಡಿನ ಡಬ್ಬಿಯನ್ನು. ಅದರಲ್ಲಿದ್ದದ್ದು ಫಾವ್ರ ಅವರ ಚಿತ್ರ. ಎರಡು ದಿಕ್ಕಿನಿಂದ ಏಳೂವರೆ ಕಿಲೋಮೀಟರಿನಷ್ಟು ಕುರುಡಾಗಿ ಕೊರೆದು ಬಂದವರ ಲೆಕ್ಕದಲ್ಲಿ ತಪ್ಪಿದ್ದು ಎಷ್ಟು ಗೊತ್ತೆ? ಅಡ್ಡಕ್ಕೆ 33 ಸೆಂಟಿಮೀಟರ್, ಎತ್ತರದಲ್ಲಿ 5. ನಿಮ್ಮ ಕಂಪಾಸ್ ಪೆಟ್ಟಿಗೆಗೆ ಹಿಡಿಸದ ದೊಡ್ಡ ಸ್ಕೇಲಿಗಿಂತ ಚೂರು ಹೆಚ್ಚು.

ಇದನ್ನೆಲ್ಲ ನಾನು ಹೇಳಿ ಮುಗಿಸುವಷ್ಟರಲ್ಲಿ ರೈಲು ಐರೋಲೊ ಮುಟ್ಟಿತ್ತು. ಆ ಕಡೆ ಮೋಡ, ಚಳಿ. ಈ ಕಡೆ ಬಿಸಿಲು. ಆ ಕಡೆಯ ಅಂಗಡಿಯವರು "ಗ್ರುಎಟ್ಸಿ" ಎಂದಿದ್ದರು, ಈ ಕಡೆಯವರು "ಬೊನ್ ಜೊರ್ನೊ" ಎನ್ನುತ್ತಾರೆ. ದೇಶ ಅದೇ, ಭಾಷೆ ಬೇರೆ. ಮಳೆನೀರಿಗೂ ದಾರಿ ಬೇರೆ. ಆ ಕಡೆ ಬಿದ್ದದ್ದು ರೈನ್ ಸೇರಿ ಉತ್ತರದ ಕಡಲಿಗೆ, ಈ ಕಡೆ ಬಿದ್ದದ್ದು ವೆನಿಸ್ ಕಡೆಯ ಸಮುದ್ರಕ್ಕೆ. ಸಕಲೇಶಪುರದವನಾದ ನನಗೆ ಇದು ಹೊಸದಲ್ಲ. ನಮ್ಮಲ್ಲೂ ಗುಡ್ಡದ ಒಂದು ಮೈಯ ನೀರು ಹೇಮಾವತಿ, ಇನ್ನೊಂದು ಮೈಯದು ಕುಮಾರಧಾರೆ.

ಐರೋಲೊ ನಿಲ್ದಾಣದ ಬಳಿಯೇ ನಾನು ನೋಡಬೇಕೆಂದಿದ್ದದ್ದು ಇತ್ತು. ಕಂಚಿನ ಉಬ್ಬುಶಿಲ್ಪ. ಕೆಲವು ಕಾರ್ಮಿಕರು ಸತ್ತ ಜೊತೆಗಾರನನ್ನು ಸ್ಟ್ರೆಚರ್ ಮೇಲೆ ಹೊತ್ತು ಸುರಂಗದಿಂದ ಹೊರಗೆ ತರುತ್ತಿದ್ದಾರೆ. ವಿನ್ಸೆಂಜೊ ವೆಲಾ ಎಂಬ ಶಿಲ್ಪಿ ಯಾರೂ ಕೇಳದೆಯೇ ಇದನ್ನು ಮಾಡಿದರಂತೆ. ಚಿಕ್ಕಂದಿನಲ್ಲಿ ತಾವೇ ಕಲ್ಲು ಕುಟ್ಟಿದವರು. ಅವರು ಮಾಡಿದ್ದು ಸುರಂಗ ಮುಗಿದ ಹೊಸತರಲ್ಲಿ, ಅದನ್ನು ಕಂಚಿನಲ್ಲಿ ಎರಕ ಹೊಯ್ದು ಇಲ್ಲಿ ನಿಲ್ಲಿಸಿದ್ದು 50 ವರ್ಷದ ನೆನಪಿಗೆ, 1932ರಲ್ಲಿ. ಆ ಸುರಂಗದಲ್ಲಿ ಸತ್ತವರು ಸುಮಾರು 200 ಮಂದಿ. ರೋಗ ಹಿಡಿದು ಊರಿಗೆ ಹೋಗಿ ಸತ್ತವರು ಆ ಲೆಕ್ಕಕ್ಕೆ ಬರುವುದಿಲ್ಲ.

"ಇವರ ಹೆಸರೇನು ಅಜ್ಜ?" ಎಂದಳು ಮೊಮ್ಮಗಳು, ಹೊತ್ತವರನ್ನು ತೋರಿಸಿ.

ಶಿಲ್ಪ ಅದನ್ನು ಹೇಳುವುದಿಲ್ಲ. ನಾನು ಅವಳಿಗೆ ಅವಳ ಮುತ್ತಜ್ಜನ ಕಥೆ ಹೇಳಿದೆ. ಹಾಸನದಿಂದ ಮಂಗಳೂರಿಗೆ ಘಾಟಿಯಲ್ಲಿ ರೈಲುದಾರಿ ಮಾಡುವಾಗ ನನ್ನ ಅಪ್ಪ ಸುರಂಗದ ಕೆಲಸಕ್ಕೆ ಹೋಗುತ್ತಿದ್ದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯ ನಡುವೆ 57 ಸುರಂಗ. ವಾರಕ್ಕೊಮ್ಮೆ ಮನೆಗೆ ಬಂದರೆ ಕಿವಿಯೊಳಗೂ ಕಲ್ಲಿನ ಹುಡಿ. ಅವ್ವ ಎರಡು ಹಂಡೆ ನೀರು ಕಾಯಿಸುತ್ತಿದ್ದಳು. ಒಂದು ಮಳೆಗಾಲ ಅಪ್ಪ ಬಂದವರು ಊಟಕ್ಕೆ ಕೂರಲಿಲ್ಲ. ಜೊತೆಯಲ್ಲಿ ಬೀಡಿ ಹಂಚಿಕೊಳ್ಳುತ್ತಿದ್ದ ತಮಿಳಿನ ಗೆಳೆಯನ ಮೇಲೆ ಬಂಡೆ ಜಾರಿತ್ತು. ಅವನ ಊರು ಯಾವುದೆಂದು ಅಪ್ಪನಿಗೆ ಗೊತ್ತಿರಲಿಲ್ಲ. 1979ರಲ್ಲಿ ರೈಲು ಶುರುವಾದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಒಂದು ಸುರಂಗ ಬಂದಾಗ ಕತ್ತಲಲ್ಲಿ ನನ್ನ ಕೈ ಹಿಡಿದು ಕಿಟಕಿಯ ಸರಳಿಗೆ ಒತ್ತಿ, "ಇದು ನಮ್ಮದು" ಎಂದರು. ಬೆಳಕಿಗೆ ಬಂದ ಮೇಲೆ ಮಾತಾಡಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ನಂಬರಿನ ಸುರಂಗ?" ಎಂದು ಕೇಳಿದಳು. ನಾನು ಹೇಳಿದೆ. ತನ್ನ ಡೈರಿಯಲ್ಲಿ ಬರೆದುಕೊಂಡಳು. ನಮ್ಮವಳು ಡಬ್ಬಿಯಿಂದ ಒಂದು ಕಿತ್ತಳೆ ಹಣ್ಣು ತೆಗೆದು ಶಿಲ್ಪದ ಕೆಳಗಿಟ್ಟು, ಯಾರಾದರೂ ನೋಡಿದರೇನೋ ಎಂಬಂತೆ ಆಚೀಚೆ ನೋಡಿದಳು.

ಮುಂದಿನದನ್ನು ಬೇಗ ಹೇಳುತ್ತೇನೆ, ಏಕೆಂದರೆ ವೆನಿಸ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಬೆಲಿನ್‌ಜೋನಾದಲ್ಲಿ ಮೂರು ಕೋಟೆ, ಮಿಲಾನ್‌ನಲ್ಲಿ ಅರಮನೆಯಂಥ ನಿಲ್ದಾಣ. ವೆನಿಸ್‌ಗೆ ರೈಲು ಹೋಗುವುದೇ ನೀರಿನ ಮೇಲೆ. 1846ರಲ್ಲಿ ತೆರೆದ, 222 ಕಮಾನುಗಳ ಸೇತುವೆ ಅದು. ನಿಲ್ದಾಣದ ಮೆಟ್ಟಿಲಿಳಿದರೆ ಆಟೋ ಇಲ್ಲ, ಬಸ್ಸಿಲ್ಲ, ಕಾಲುವೆ. ಎರಡು ದಿನ ದೋಣಿಯಲ್ಲಿ ಓಡಾಡಿ ನನಗೆ ನೆಲ ಸಿಕ್ಕರೆ ಸಾಕಾಗಿತ್ತು.

ವಾಪಸು ಬರುವಾಗ ಮೊಮ್ಮಗಳ ಸರದಿ. ಬೋಡಿಯೊ ಎಂಬಲ್ಲಿ ರೈಲು ಹೊಸ ಸುರಂಗಕ್ಕೆ ನುಗ್ಗುತ್ತಿದ್ದಂತೆ ಅವಳು ಫೋನಿನ ಸ್ಟಾಪ್‌ವಾಚ್ ಒತ್ತಿದಳು. ಏರಿಲ್ಲ, ತಿರುವಿಲ್ಲ, ಕುಲುಕಾಟವಿಲ್ಲ. ಕಿಟಕಿಯಲ್ಲಿ ನಮ್ಮ ಮುಖಗಳೇ. ಒಂದು ಕಡೆ ನಮ್ಮ ತಲೆಯ ಮೇಲೆ 2,300 ಮೀಟರ್ ಬಂಡೆ ಇರುತ್ತದೆ, ಮುಳ್ಳಯ್ಯನಗಿರಿಯ ಮೇಲೆ ಇನ್ನಷ್ಟು ಪೇರಿಸಿದ ಹಾಗೆ. ಕಲ್ಲಿನ ಶಾಖವೇ 45 ಡಿಗ್ರಿ. ತಣ್ಣನೆ ಗಾಳಿ ತುಂಬದಿದ್ದರೆ ಒಳಗೆ ಯಾರೂ ಕೆಲಸ ಮಾಡುವಂತಿರಲಿಲ್ಲ. 400 ಮೀಟರಿನಷ್ಟು ಉದ್ದದ ಕೊರೆಯುವ ಯಂತ್ರಗಳು ಇದನ್ನು ಮಾಡಿದವು. ಆದರೂ ಹದಿನೇಳು ವರ್ಷ ಹಿಡಿಯಿತು.

"ಇದ್ರಲ್ಲೂ ಯಾರಾದ್ರೂ ಸತ್ರಾ ಅಜ್ಜ?"

"ಒಂಬತ್ತು ಮಂದಿ."

ಅವಳು ಬೆರಳು ಮಡಿಸಿ ಎಣಿಸಿದಳು. ಇನ್ನೂರು ಎಲ್ಲಿ, ಒಂಬತ್ತು ಎಲ್ಲಿ ಎಂದು ನಾನು ಹೇಳಲು ಹೊರಟೆ. ಅವಳ ಮುಖ ನೋಡಿ ಬಿಟ್ಟೆ. ಅವಳಿಗೆ ಒಂಬತ್ತೂ ಜಾಸ್ತಿಯೇ ಆಗಿತ್ತು.

ನಮ್ಮವಳು ಕಿತ್ತಳೆ ಸುಲಿದು ಎಲ್ಲರಿಗೂ ಎರಡೆರಡು ತೊಳೆ ಕೊಟ್ಟು, ಕೈ ಒರೆಸಿಕೊಳ್ಳುವಷ್ಟರಲ್ಲಿ ಬೆಳಕು ಬಂತು. ಹೊರಗೆ ಸಣ್ಣ ಮಳೆ. ಸ್ಟಾಪ್‌ವಾಚಿನಲ್ಲಿ ಹತ್ತೊಂಬತ್ತು ನಿಮಿಷ ಚಿಲ್ಲರೆ. ಮೊಮ್ಮಗಳು ಅದನ್ನು ಡೈರಿಯಲ್ಲಿ ಬರೆಯುವ ಬದಲು ಕಿಟಕಿಯತ್ತ ಬಾಗಿ ಹುಡುಕತೊಡಗಿದಳು.

"ಏನು ನೋಡ್ತಿದ್ದೀಯೇ ಪುಟ್ಟಿ?" ಎಂದಳು ಅಜ್ಜಿ.

"ಆ ಬಿಳಿ ಚರ್ಚು. ಎಲ್ಲಿ ಹೋಯ್ತು?"

"ಅದು ಹಿಂದೆಯೇ ಉಳೀತು, ಮೇಲೆ" ಎಂದೆ.